ಗೊಂಬೆ ಬೇಕೋ, ಸಹಿ ಬೇಕೋ: ಬೇಸ್‌ಬಾಲ್ ಸೀಸನ್ ಶುರುವಾಗುವ ಮುಂಚಿನ ತಯಾರಿ

ಫೆಬ್ರವರಿ ನಡುವಿನ ಹೊತ್ತಿಗೆ ಮೇಜರ್ ಲೀಗ್ ಬೇಸ್‌ಬಾಲ್‌ನ 30 ತಂಡಗಳೂ ಗಂಟುಮೂಟೆ ಕಟ್ಟಿಕೊಂಡು ಸ್ಪ್ರಿಂಗ್ ಟ್ರೈನಿಂಗ್ ಎಂಬ ಸೀಸನ್ ಮುಂಚಿನ ಅಭ್ಯಾಸಕ್ಕೆ ಅರಿಜೋನಾಕ್ಕೋ ಫ್ಲಾರಿಡಾಕ್ಕೋ ಹೊರಡುತ್ತವೆ. ಮೊದಲು ಚೆಂಡೆಸೆಯುವ ಪಿಚರ್‌ಗಳು, ಅದನ್ನು ಹಿಡಿಯುವ ಕ್ಯಾಚರ್‌ಗಳು. ಉಳಿದವರು ಅದಾದ ಕೆಲವು ದಿನಕ್ಕೆ. ಹೆಚ್ಚುಕಮ್ಮಿ ಅದೇ ಸಮಯಕ್ಕೆ ತಂಡಗಳು ಗಿವ್‌ಅವೇ, ಅಂದರೆ ಪಂದ್ಯಕ್ಕೆ ಬಂದವರಿಗೆ ಹಂಚುವ ಉಡುಗೊರೆಗಳ ಪಟ್ಟಿಯನ್ನೂ ಹೊರಗೆ ಬಿಡುತ್ತವೆ: ಯಾವ ಪಂದ್ಯದ ದಿನ ಬಾಬಲ್‌ಹೆಡ್ ಎಂಬ ತಲೆಯಾಡಿಸುವ ಗೊಂಬೆ, ಯಾವತ್ತು ಟೋಪಿ, ಯಾವತ್ತು ಜೆರ್ಸಿ. ಕ್ರಿಕೆಟ್ ನೋಡುತ್ತ ಬೆಳೆದು, ಮಕ್ಕಳ ದೆಸೆಯಿಂದ ಬೇಸ್‌ಬಾಲ್ ಹಚ್ಚಿಕೊಂಡ ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದ ಕನ್ನಡಿಗರಲ್ಲಿ ಅನೇಕರು ಆಟಗಾರರ ಸಹಿ, ಗೊಂಬೆ ಎರಡನ್ನೂ ಒಂದೇ ಪ್ರವಾಸದಲ್ಲಿ ಮುಗಿಸಿಬಿಡೋಣ ಎಂದು ಹೊರಡುತ್ತಾರೆ. ಎಡವುವುದು ಅಲ್ಲೇ.

ಆಟಗಾರರ ಸಹಿ ಬೇಕಿದ್ದರೆ ಅರಿಜೋನಾಕ್ಕೆ ಹೋಗಿ. ಗೊಂಬೆ ಬೇಕಿದ್ದರೆ ಊರಲ್ಲೇ ಇದ್ದು ಏಪ್ರಿಲ್ ತನಕ ಕಾಯಿರಿ. ಸ್ಪ್ರಿಂಗ್ ಟ್ರೈನಿಂಗ್ ಪಂದ್ಯಗಳಲ್ಲಿ ಹಂಚುವುದು ಹೆಚ್ಚಾಗಿ ಸಣ್ಣಪುಟ್ಟ ಸಾಮಾನು, ಫ್ರಿಜ್ಜಿಗೆ ಅಂಟಿಸುವ ವೇಳಾಪಟ್ಟಿ, ಟೋಪಿ, ಟವೆಲ್ಲು ಇಂಥವು. ಸಾವಿರಗಟ್ಟಲೆ ಬಾಬಲ್‌ಹೆಡ್ ಹಂಚುವುದು ಸೀಸನ್ನಿನ ಪಂದ್ಯಗಳಲ್ಲಿ, ತಂಡದ ತವರಿನಲ್ಲಿ. ಆದರೆ ತವರಿನ 40 ಸಾವಿರ ಜನರ ಮೈದಾನದಲ್ಲಿ ಆಟಗಾರ ನಿಮ್ಮ ಕೈಗೆಟುಕುವಷ್ಟು ಹತ್ತಿರ ಬರುವುದು ಅಪರೂಪ. ಅರಿಜೋನಾದಲ್ಲಿ ಅವನು ಬ್ಯಾಟು ಹೆಗಲಿಗೇರಿಸಿ ನಿಮ್ಮ ಪಕ್ಕದಲ್ಲೇ ನಡೆದುಹೋಗುತ್ತಾನೆ.

ಪಟ್ಟಿ ಓದುವುದು ಹೇಗೆ

ಗಿವ್‌ಅವೇ ಪಟ್ಟಿಯಲ್ಲಿ ಎಲ್ಲರ ಕಣ್ಣು ಹೋಗುವುದು ಗೊಂಬೆಯ ಚಿತ್ರಕ್ಕೆ. ಅದರ ಕೆಳಗಿರುವ ಸಣ್ಣ ಅಕ್ಷರದ ಸಾಲನ್ನು ಮೊದಲು ಓದಿ. ಅಲ್ಲಿ ಸಾಮಾನ್ಯವಾಗಿ ಮೂರರಲ್ಲಿ ಒಂದು ಮಾತಿರುತ್ತದೆ.

ಒಂದು, ಮೊದಲು ಬಂದ ಇಷ್ಟು ಸಾವಿರ ಜನರಿಗೆ. ಇದು ಗೇಟಿನಲ್ಲಿ ಹಂಚುವ ಗೊಂಬೆ. ಯಾವ ಟಿಕೆಟ್ ಇದ್ದರೂ ಸರಿ, ಅತಿ ಅಗ್ಗದ ಸೀಟಾದರೂ ಸರಿ, ಬೇಗ ಬರಬೇಕು ಅಷ್ಟೆ.

ಎರಡು, ವಿಶೇಷ ಟಿಕೆಟ್ ಕೊಂಡವರಿಗೆ ಮಾತ್ರ. ಯಾವುದೋ ವೃತ್ತಿಯವರ ದಿನ, ಯಾವುದೋ ಸಮುದಾಯದ ರಾತ್ರಿ ಎಂದು ತಂಡಗಳು ಪ್ರತ್ಯೇಕ ಲಿಂಕಿನಲ್ಲಿ ಟಿಕೆಟ್ ಮಾರುತ್ತವೆ. ಗೊಂಬೆ ಆ ಟಿಕೆಟ್ಟಿಗೆ ಸೇರಿದ್ದು. ಅದೇ ಪಂದ್ಯದ ಮಾಮೂಲಿ ಟಿಕೆಟ್ ಕೊಂಡು ಗೇಟಿನಲ್ಲಿ ಕೈ ಚಾಚಿದರೆ ಸಿಗುವುದಿಲ್ಲ. ಬೇರೆಯವರಿಂದ ಮರುಮಾರಾಟದಲ್ಲಿ ಕೊಂಡ ಟಿಕೆಟ್ಟಿಗೂ ಬಹುಪಾಲು ಗೊಂಬೆ ಇರುವುದಿಲ್ಲ. ಸಿಗುವ ಜಾಗವೂ ಗೇಟಲ್ಲ. ಒಳಗೆ ಒಂದು ಮೇಜು ಹಾಕಿರುತ್ತಾರೆ, ಅದಕ್ಕೊಂದು ಸಮಯದ ಮಿತಿ ಇರುತ್ತದೆ. ಅರ್ಧ ಆಟ ನೋಡಿ ಆಮೇಲೆ ಹೋದರಾಯಿತು ಎಂದುಕೊಂಡರೆ ಮೇಜು ಮಡಿಸಿಟ್ಟಿರುತ್ತಾರೆ.

ಮೂರು, 14 ವರ್ಷದೊಳಗಿನ ಮಕ್ಕಳಿಗೆ ಮಾತ್ರ. ಇದರಲ್ಲಿ ಗೊಂದಲವಿಲ್ಲ. ದೊಡ್ಡವರು ಸುಮ್ಮನಿರಬೇಕು.

ಮೊದಲನೆಯ ಬಗೆಯಲ್ಲಿ ಒಂದು ಸಣ್ಣ ಲೆಕ್ಕ ಹಾಕಿ. ಹಂಚುವ ಸಂಖ್ಯೆಯನ್ನು ಮೈದಾನದ ಸೀಟಿನ ಸಂಖ್ಯೆಯ ಪಕ್ಕದಲ್ಲಿಡಿ. ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್ ತಂಡದ ತವರಾದ ಒರಾಕಲ್ ಪಾರ್ಕಿನಲ್ಲಿ ಸುಮಾರು 41 ಸಾವಿರ ಸೀಟು. 20 ಸಾವಿರ ಗೊಂಬೆ ಎಂದರೆ ಭರ್ತಿಯಾದ ದಿನ ಇಬ್ಬರಲ್ಲಿ ಒಬ್ಬರಿಗೆ ಇಲ್ಲ. ಅದೇ 20 ಸಾವಿರ, ಏಪ್ರಿಲ್ ತಿಂಗಳ ಮಂಗಳವಾರ ರಾತ್ರಿ, ಚಳಿಗಾಳಿ ಬೀಸುವಾಗ, ಹೆಸರಿಲ್ಲದ ಎದುರಾಳಿ ಎಂದರೆ ಆರಾಮಾಗಿ ಸಿಗುತ್ತದೆ. ಒಂದೇ ವರ್ಷದಲ್ಲಿ ಎರಡು ಗೊಂಬೆಯ ಆಯ್ಕೆ ಇದ್ದಾಗ ನಮ್ಮ ಸಲಹೆ ಯಾವಾಗಲೂ ವಾರದ ದಿನದ್ದೇ. ಗೊಂಬೆ ಚೆನ್ನಾಗಿದ್ದರೆ ಸಾಕು. ಶನಿವಾರ ಹಳೇ ಎದುರಾಳಿ ಡಾಡ್ಜರ್ಸ್ ವಿರುದ್ಧದ ಪಂದ್ಯದ ನೂಕುನುಗ್ಗಲು ಯಾಕೆ?

ಸಂಖ್ಯೆ ದೊಡ್ಡದಿದ್ದ ಮಾತ್ರಕ್ಕೆ ನಿಶ್ಚಿಂತೆ ಎಂದೂ ಅಲ್ಲ. 2024ರ ಮೇ 16ರಂದು ಲಾಸ್ ಏಂಜಲೀಸ್‌ನ ಡಾಡ್ಜರ್ ಸ್ಟೇಡಿಯಮ್ಮಿನಲ್ಲಿ ಡಾಡ್ಜರ್ಸ್ ತಾರೆ ಶೋಹೆ ಒಹ್ತಾನಿಯ ಬಾಬಲ್‌ಹೆಡ್ ಹಂಚಿದಾಗ 40 ಸಾವಿರ ಗೊಂಬೆಗಳಿದ್ದವು, ಸೀಟು 56 ಸಾವಿರ. ಆದರೂ ಗೇಟು ತೆರೆಯುವ ಗಂಟೆಗಟ್ಟಲೆ ಮುಂಚೆಯೇ ಸಾಲು ಬೆಳೆದು, ಸುತ್ತಲಿನ ರಸ್ತೆಯೆಲ್ಲ ಕಾರು ನಿಂತುಬಿಟ್ಟವು. ಅದೇ ವರ್ಷ ಆಗಸ್ಟ್ 28ಕ್ಕೆ ಒಹ್ತಾನಿ ತನ್ನ ನಾಯಿಯನ್ನು ಎತ್ತಿಕೊಂಡಿರುವ ಗೊಂಬೆ ಬಂತು. ಆ ನಾಯಿಯೇ ಅಂದಿನ ಪಂದ್ಯಕ್ಕೆ ಮುಂಚಿನ ಸಾಂಕೇತಿಕ ಮೊದಲ ಚೆಂಡನ್ನು ಬಾಯಲ್ಲಿ ಕಚ್ಚಿಕೊಂಡು ಓಡಿ ತಂದುಕೊಟ್ಟಿತು. ಇಂಥ ದಿನಗಳಿಗೆ ಮಾಮೂಲಿ ಲೆಕ್ಕ ನಡೆಯುವುದಿಲ್ಲ. ಕಚೇರಿಗೆ ರಜೆ ಹಾಕಿಯೇ ಹೋಗಬೇಕು.

ಜನವರಿ ಕೊನೆ, ಫೆಬ್ರವರಿ ಮೊದಲಲ್ಲಿ ಹಲವು ತಂಡಗಳು ಫ್ಯಾನ್‌ಫೆಸ್ಟ್ ಎಂಬ ಜಾತ್ರೆಯನ್ನೂ ನಡೆಸುತ್ತವೆ. ಷಿಕಾಗೋ ಕಬ್ಸ್ ತಂಡದ ಸಮ್ಮೇಳನ 1986ರಿಂದ ಜನವರಿಯಲ್ಲಿ ನಡೆಯುತ್ತಿದೆ, ಅದಕ್ಕೆ ದುಡ್ಡು ಕೊಟ್ಟು ಪಾಸು ಕೊಳ್ಳಬೇಕು. ಫ್ಯಾನ್‌ಫೆಸ್ಟ್‌ಗಳಲ್ಲಿ ಸಹಿಯ ಸಾಲಿಗೆ ಹೆಚ್ಚಾಗಿ ಚೀಟಿ ಎತ್ತುತ್ತಾರೆ, ಇಲ್ಲವೇ ಮುಂಗಡ ಟೋಕನ್ ಕೊಡುತ್ತಾರೆ. ಆದ್ದರಿಂದ ಬೆಳಗ್ಗೆ ಆರಕ್ಕೆ ಹೋಗಿ ನಿಂತು ಪ್ರಯೋಜನವಿಲ್ಲ, ಟೋಕನ್ ಬಿಡುಗಡೆಯ ದಿನವನ್ನು ಮರೆಯದಿರುವುದೇ ಮುಖ್ಯ. ಸಣ್ಣ ಮಕ್ಕಳಿದ್ದರೆ ಹೋಗಿಬನ್ನಿ. ಮೈದಾನದ ಹುಲ್ಲಿನ ಮೇಲೆ ಓಡಾಡಲು ಬಿಡುವ ದಿನ ವರ್ಷದಲ್ಲಿ ಬೇರೆ ಸಿಗುವುದು ಕಷ್ಟ.

ಅರಿಜೋನಾ: ಬೆಳಗಿನ ಒಂಬತ್ತು ಗಂಟೆಯೇ ಮುಖ್ಯ

ಅರಿಜೋನಾದ ಕ್ಯಾಕ್ಟಸ್ ಲೀಗ್‌ನಲ್ಲಿ 15 ತಂಡ, 10 ಮೈದಾನ. ಎಲ್ಲವೂ ಫೀನಿಕ್ಸ್ ಸುತ್ತಮುತ್ತಲೇ ಇವೆ. ಫ್ಲಾರಿಡಾದ ಗ್ರೇಪ್‌ಫ್ರೂಟ್ ಲೀಗ್‌ನಲ್ಲೂ 15 ತಂಡವೇ, ಆದರೆ ಅವು ಎರಡು ಕರಾವಳಿಯುದ್ದಕ್ಕೂ ಚೆದುರಿವೆ. ಒಂದರಿಂದ ಇನ್ನೊಂದಕ್ಕೆ ಹೋಗುವುದರಲ್ಲೇ ದಿನ ಕಳೆಯುತ್ತದೆ. ಯಾವ ತಂಡಕ್ಕೂ ಮನಸ್ಸು ಒತ್ತೆಯಿಡದೆ ಸುಮ್ಮನೆ ಬೇಸ್‌ಬಾಲ್ ನೋಡುವವರಿಗೆ ಅರಿಜೋನಾ ಸಲೀಸು.

ಉಳಿದುಕೊಳ್ಳುವ ಜಾಗ ಆರಿಸುವಾಗ ನಗರವನ್ನು ಎರಡು ಭಾಗವಾಗಿ ನೋಡಿ. ಪೂರ್ವಕ್ಕೆ ಸ್ಕಾಟ್ಸ್‌ಡೇಲ್‌ನಲ್ಲಿ ಜೈಂಟ್ಸ್, ಅದಕ್ಕೆ ಹತ್ತಿರದ ಸಾಲ್ಟ್ ರಿವರ್ ಫೀಲ್ಡ್ಸ್‌ನಲ್ಲಿ ಡೈಮಂಡ್‌ಬ್ಯಾಕ್ಸ್ ಮತ್ತು ರಾಕೀಸ್, ಮೆಸಾದಲ್ಲಿ ಕಬ್ಸ್ ಒಂದು ಕಡೆ, ಅಥ್ಲೆಟಿಕ್ಸ್ ಎಂಬ ತಂಡ ಇನ್ನೊಂದು ಕಡೆ, ಟೆಂಪಿಯಲ್ಲಿ ಏಂಜಲ್ಸ್. ಪಶ್ಚಿಮಕ್ಕೆ ಗ್ಲೆಂಡೇಲ್‌ನ ಕ್ಯಾಮಲ್‌ಬ್ಯಾಕ್ ರಾಂಚ್‌ನಲ್ಲಿ ಡಾಡ್ಜರ್ಸ್ ಮತ್ತು ವೈಟ್ ಸಾಕ್ಸ್, ಪಿಯೋರಿಯಾದಲ್ಲಿ ಪಾಡ್ರೇಸ್ ಮತ್ತು ಮ್ಯಾರಿನರ್ಸ್, ಸರ್ಪ್ರೈಸ್‌ನಲ್ಲಿ ರಾಯಲ್ಸ್ ಮತ್ತು ರೇಂಜರ್ಸ್, ಗುಡ್‌ಇಯರ್‌ನಲ್ಲಿ ಗಾರ್ಡಿಯನ್ಸ್ ಮತ್ತು ರೆಡ್ಸ್. ಬ್ರೂವರ್ಸ್ ಫೀನಿಕ್ಸ್ ನಗರದೊಳಗೇ. ಜೈಂಟ್ಸ್ ಅಭಿಮಾನಿಗಳು ಸ್ಕಾಟ್ಸ್‌ಡೇಲ್‌ನ ಹಳೇ ಪೇಟೆಯ ಹತ್ತಿರ ರೂಮು ಹಿಡಿದರೆ ಮೈದಾನಕ್ಕೆ ನಡೆದೇ ಹೋಗಬಹುದು. ಊರಿನ ಟ್ರಾಲಿ ಬಸ್ಸಿಗೂ ಟಿಕೆಟ್ ಇಲ್ಲ. ಸ್ಯಾನ್ ಹೋಸೆಯಿಂದ ಕಾರಿನಲ್ಲಿ 700 ಮೈಲಿ ದಾಟುತ್ತದೆ, ವಿಮಾನದಲ್ಲಿ ಸುಮಾರು ಎರಡು ಗಂಟೆ. ಮೂರು ದಿನದ ರಜೆಯಲ್ಲಿ ಎರಡು ದಿನ ಸ್ಟೀರಿಂಗ್ ಹಿಡಿದು ಕೂರುವುದರಲ್ಲಿ ಅರ್ಥವಿಲ್ಲ.

ಗಡಿಯಾರ ಇಲ್ಲಿ ಅನೇಕರನ್ನು ಮೋಸಮಾಡುತ್ತದೆ. ಅರಿಜೋನಾದ ಹೆಚ್ಚಿನ ಭಾಗದಲ್ಲಿ ಬೇಸಿಗೆ ಕಾಲದ ಸಮಯ ಬದಲಾವಣೆ ಇಲ್ಲ. ಮಾರ್ಚ್ ಎರಡನೇ ಭಾನುವಾರದವರೆಗೆ ಅದು ಕ್ಯಾಲಿಫೋರ್ನಿಯಾಕ್ಕಿಂತ ಒಂದು ಗಂಟೆ ಮುಂದೆ. ಆ ಭಾನುವಾರದಿಂದ ಎರಡೂ ಒಂದೇ. ಮಧ್ಯಾಹ್ನ 1:05ರ ಪಂದ್ಯ ಬೆಂಗಳೂರಿನಲ್ಲಿ ನೋಡುವವರಿಗೆ ನಡುರಾತ್ರಿ ಕಳೆದು 1:35, ಅದು ಮಾತ್ರ ತಿಂಗಳಿಡೀ ಬದಲಾಗುವುದಿಲ್ಲ.

ದಿನದ ಕ್ರಮ ಹೀಗಿರಲಿ. ಬೆಳಗ್ಗೆ ಒಂಬತ್ತರ ಹೊತ್ತಿಗೆ ಮುಖ್ಯ ಮೈದಾನದ ಹಿಂದಿನ ಅಭ್ಯಾಸದ ಅಂಗಳಗಳಿಗೆ ಹೋಗಿ. ಕ್ಯಾಮಲ್‌ಬ್ಯಾಕ್ ರಾಂಚ್‌ನಂಥ ಕಡೆ ಬೆಳಗಿನ ಅಭ್ಯಾಸ ನೋಡಲು ಟಿಕೆಟ್ಟೇ ಬೇಡ. ಒಂದು ಅಂಗಳದಿಂದ ಇನ್ನೊಂದಕ್ಕೆ ಆಟಗಾರರು ಹೋಗುವ ದಾರಿಯ ಪಕ್ಕ ಹಗ್ಗ ಅಥವಾ ಬೇಲಿ ಕಟ್ಟಿರುತ್ತಾರೆ. ನಿಲ್ಲಬೇಕಾದದ್ದು ಅಲ್ಲಿ, ಬ್ಯಾಟಿಂಗ್ ನಡೆಯುವ ಬಲೆಯ ಹಿಂದಲ್ಲ. ಅಭ್ಯಾಸದ ಮಧ್ಯೆ ಕೂಗಿದರೆ ಯಾರೂ ತಿರುಗಿ ನೋಡುವುದಿಲ್ಲ. ಮುಗಿಸಿ ನೀರು ಕುಡಿಯುತ್ತ ಬರುವಾಗ ಹೆಸರು ಹಿಡಿದು ಕರೆದರೆ ನಿಲ್ಲುತ್ತಾರೆ. ಪಂದ್ಯಗಳು ಶುರುವಾಗುವ ಮುಂಚಿನ ವಾರ, ಅಂದರೆ ಫೆಬ್ರವರಿಯ ಮೂರನೇ ವಾರ, ಇದಕ್ಕೆ ಎಲ್ಲಕ್ಕಿಂತ ಒಳ್ಳೆಯದು. ಜನ ಕಡಿಮೆ, ಆಟಗಾರರಿಗೂ ಅವಸರವಿಲ್ಲ.

ಇನ್ನು ಪಂದ್ಯ. ಮಾರ್ಚ್ ಮೊದಲ ವಾರದಲ್ಲಿ ಹೆಸರಾಂತ ಆಟಗಾರ ಎರಡು ಮೂರು ಇನ್ನಿಂಗ್ಸ್ ಆಡಿ ಹೊರಟುಹೋಗುತ್ತಾನೆ. ಅವನ ಆಟ ನೋಡಬೇಕೆಂದರೆ ತಡವಾಗಿ ಹೋಗಬೇಡಿ. ಹೆಚ್ಚು ಹೊತ್ತು ಆಡುವುದು ಬೇಕೆಂದರೆ ಮಾರ್ಚ್ ಕೊನೆಗೆ ಹೋಗಿ. ವೇಳಾಪಟ್ಟಿಯಲ್ಲಿ ತಂಡದ ಹೆಸರಿನ ಮುಂದೆ ಎಸ್‌ಎಸ್ ಎಂದಿದ್ದರೆ ಅಂದು ಆ ತಂಡ ಎರಡಾಗಿ ಒಡೆದು ಎರಡು ಕಡೆ ಆಡುತ್ತಿದೆ ಎಂದರ್ಥ. ಅರ್ಧ ತಂಡಕ್ಕೆ ಪೂರ್ತಿ ದುಡ್ಡು ಕೊಡುವ ಬದಲು ಬೇರೆ ದಿನ ಆರಿಸಿ. ದೊಡ್ಡ ಹೆಸರುಗಳು ತಮ್ಮದೇ ಮೈದಾನದ ಪಂದ್ಯದಲ್ಲಿ ಸಿಗುವಷ್ಟು ಎದುರಾಳಿಯ ಮೈದಾನದಲ್ಲಿ ಸಿಗುವುದಿಲ್ಲ, ಬಸ್ಸಿನಲ್ಲಿ ಹೋಗುವವರು ಹೆಚ್ಚಾಗಿ ಕಿರಿಯರು.

ಔಟ್‌ಫೀಲ್ಡ್ ಹಿಂದಿನ ಹುಲ್ಲಿನ ದಿಬ್ಬದ ಟಿಕೆಟ್ ಅಗ್ಗ, ಮಕ್ಕಳಿಗೆ ಹೇಳಿ ಮಾಡಿಸಿದ ಜಾಗ. ಆದರೆ ಬಿಸಿಲು ನೆನಪಿರಲಿ. ಬ್ಯಾಟ್ ಮಾಡುವವನು ನಿಲ್ಲುವ ಹೋಮ್ ಪ್ಲೇಟ್‌ನಿಂದ ಅದರ ನೇರ ಎದುರಿನ ಎರಡನೇ ಬೇಸಿನ ಕಡೆಗಿನ ಗೆರೆ ಪೂರ್ವ-ಈಶಾನ್ಯಕ್ಕೆ ಇದ್ದರೆ ಒಳ್ಳೆಯದು ಎಂದು ಬೇಸ್‌ಬಾಲ್ ನಿಯಮವೇ ಹೇಳುತ್ತದೆ. ಹಾಗೆ ಕಟ್ಟಿದ ಮೈದಾನದಲ್ಲಿ ಮಧ್ಯಾಹ್ನದ ಸೂರ್ಯ ಹೋಮ್ ಪ್ಲೇಟ್ ಹಿಂದಿನಿಂದ, ಮೂರನೇ ಬೇಸ್ ಕಡೆಯಿಂದ ಇಳಿಯುತ್ತಾನೆ. ಅಲ್ಲಿನ ಮೇಲಿನ ಸಾಲುಗಳಿಗೆ ಮೊದಲು ನೆರಳು ಬರುತ್ತದೆ. ದಿಬ್ಬದ ಮೇಲೆ ಕೂತವರಿಗೆ ಮೂರು ಗಂಟೆ ಕಾಲ ಬಿಸಿಲು ನೇರ ಮುಖಕ್ಕೆ. ಒಣಹವೆಯಾದ್ದರಿಂದ ಬೆವರು ಗೊತ್ತಾಗುವುದಿಲ್ಲ, ಸಂಜೆ ತಲೆನೋವು ಬಂದಾಗಲೇ ಗೊತ್ತಾಗುವುದು. ಅಜ್ಜಿ ತಾತನನ್ನು ಕರೆದುಕೊಂಡು ಹೋಗುವವರು ಟಿಕೆಟ್ಟಿಗೆ ಇನ್ನಷ್ಟು ದುಡ್ಡು ಹಾಕಿ ಮೂರನೇ ಬೇಸ್ ಕಡೆಯ ಮೇಲಿನ ಸಾಲನ್ನೇ ಹಿಡಿಯಿರಿ.

ಸಹಿ ಹಾಕಿಸುವ ಕೆಲಸ

ಚೆಂಡಿನ ಮೇಲೆ ಸಹಿಗೆ ನೀಲಿ ಬಾಲ್‌ಪಾಯಿಂಟ್ ಪೆನ್ನು. ಮಾರ್ಕರ್ ಬೇಡವೇ ಬೇಡ. ಬೇಸ್‌ಬಾಲ್ ಹೊದಿಕೆ ಬಿಳಿ ಚರ್ಮ. ಮಾರ್ಕರ್ ಶಾಯಿ ಚರ್ಮದ ರಂಧ್ರಗಳಲ್ಲಿ ಮೆಲ್ಲಗೆ ಹರಡಿ, ಕೆಲವೇ ವರ್ಷಗಳಲ್ಲಿ ಅಕ್ಷರದ ಸುತ್ತ ನೇರಳೆ ಮಂಜು ಕಟ್ಟುತ್ತದೆ. ಬಾಲ್‌ಪಾಯಿಂಟ್ ಚರ್ಮದ ಮೇಲೆ ಸಣ್ಣ ಗೀರು ಮಾಡಿ ಅದರೊಳಗೆ ಶಾಯಿ ಕೂರಿಸುತ್ತದೆ, ಹಾಗಾಗಿ ಉಳಿಯುತ್ತದೆ. ಪೆನ್ನನ್ನು ಮೊದಲೇ ಕಾಗದದ ಮೇಲೆ ನಾಲ್ಕು ಸುತ್ತು ಗೀಚಿ ಶಾಯಿ ಬರಿಸಿಟ್ಟುಕೊಳ್ಳಿ. ಆಟಗಾರನ ಕೈಯಲ್ಲಿ ಪೆನ್ನು ನಿಂತರೆ ಅವನು ಎರಡನೇ ಸಲ ಯತ್ನಿಸುವುದಿಲ್ಲ, ಪಕ್ಕದವನ ಚೆಂಡಿಗೆ ಹೋಗುತ್ತಾನೆ.

ಚೆಂಡನ್ನು ಕೊಡುವ ರೀತಿಯೂ ಇದೆ. ಬೇಸ್‌ಬಾಲ್‌ನಲ್ಲಿ ಕೆಂಪು ದಾರದ 108 ಜೋಡಿ ಹೊಲಿಗೆ. ಆ ಹೊಲಿಗೆಯ ಎರಡು ಸಾಲು ತೀರ ಹತ್ತಿರ ಬರುವ ಕಡೆ, ಏನೂ ಅಚ್ಚಾಗಿಲ್ಲದ ಒಂದು ಇಂಚು ಅಗಲದ ಪಟ್ಟಿ ಸಿಗುತ್ತದೆ. ಅದೇ ಸ್ವೀಟ್ ಸ್ಪಾಟ್. ಒಬ್ಬರದೇ ಸಹಿಯ ಚೆಂಡಿಗೆ ಬೆಲೆಯೂ ಅಂದವೂ ಬರುವುದು ಸಹಿ ಅಲ್ಲಿದ್ದರೆ. ಆ ಪಟ್ಟಿ ಆಟಗಾರನ ಕಣ್ಣಿಗೆ ನೇರ ಕಾಣುವಂತೆ ತಿರುಗಿಸಿ, ಪೆನ್ನಿನ ಮುಚ್ಚಳ ತೆಗೆದು ಒಟ್ಟಿಗೆ ಚಾಚಿ. ತಂಡದವರೆಲ್ಲರ ಸಹಿ ಬೇಕಾದರೆ ಸ್ವೀಟ್ ಸ್ಪಾಟನ್ನು ಬಿಟ್ಟು ಪಕ್ಕದ ಅಗಲ ಭಾಗ ಮುಂದೆ ಮಾಡಿ, ಇಲ್ಲದಿದ್ದರೆ ಹೆಸರೇ ಗೊತ್ತಿಲ್ಲದ ಹುಡುಗ ಒಳ್ಳೆಯ ಜಾಗದಲ್ಲಿ ಸಹಿ ಜಡಿದು ಹೋಗುತ್ತಾನೆ. (ಆ ಹುಡುಗನೇ ಐದು ವರ್ಷದ ಮೇಲೆ ದೊಡ್ಡ ಹೆಸರಾಗುವುದೂ ಉಂಟು. ಅವನ ಬೆನ್ನಿನ ಅಂಕಿ ಬರೆದಿಟ್ಟುಕೊಳ್ಳಿ. ಕೊನೆಯ ಇನ್ನಿಂಗ್ಸ್‌ಗಳಲ್ಲಿ ಆಡುವ 80, 90ರ ಅಂಕಿಯವರ ಸಹಿ ಓದಿ ಹೆಸರು ಪತ್ತೆ ಮಾಡುವುದು ಆಗದ ಕೆಲಸ.)

ಆಟಗಾರರ ಚಿತ್ರವಿರುವ ಕಾರ್ಡು, ಫೋಟೋ, ಬ್ಯಾಟಿಗೆ ಮಾರ್ಕರೇ ಸರಿ. ಟಾಪ್ಸ್ ಕಂಪನಿಯ ಆ ವರ್ಷದ ಮೊದಲ ಕಂತಿನ ಕಾರ್ಡುಗಳು ಫೆಬ್ರವರಿಯಲ್ಲೇ ಅಂಗಡಿಗೆ ಬರುತ್ತವೆ, ಕ್ಯಾಂಪಿಗೆ ಒಯ್ಯಲು ಸರಿಯಾದ ಸಮಯ. ನುಣುಪು ಕಾರ್ಡಿನ ಮೇಲೆ ಶಾಯಿ ಹನಿಹನಿಯಾಗಿ ಒಡೆಯುತ್ತದೆ. ಹಿಂದಿನ ರಾತ್ರಿ ಹತ್ತಿಯಲ್ಲಿ ಚಿಟಿಕೆ ಬೇಬಿ ಪೌಡರ್ ತೆಗೆದುಕೊಂಡು ಮೆಲ್ಲಗೆ ಉಜ್ಜಿ, ಮೆತ್ತನೆ ಬಟ್ಟೆಯಲ್ಲಿ ಒರೆಸಿಬಿಡಿ. ಸಹಿಯಾದ ಮೇಲೆ ಒಂದೆರಡು ನಿಮಿಷ ಆರಲು ಬಿಟ್ಟು ಆಮೇಲೆ ಪ್ಲಾಸ್ಟಿಕ್ ಕವರಿಗೆ ಹಾಕಿ. ಹಸಿ ಸಹಿ ಕವರಿಗೆ ಮೆತ್ತಿಕೊಂಡರೆ ಅರ್ಧ ಅದರಲ್ಲೇ ಉಳಿಯುತ್ತದೆ.

ಎಲ್ಲಿ ನಿಲ್ಲಬೇಕು? ಮೈದಾನದೊಳಗೆ ಆಟದ ಅಂಚು ತೋರುವ ಎರಡೂ ಪಕ್ಕದ ಫೌಲ್ ಗೆರೆಯುದ್ದಕ್ಕೂ ಇರುವ ಗಿಡ್ಡ ಗೋಡೆಯ ಬಳಿ, ಡಗ್‌ಔಟ್ ದಾಟಿ ಔಟ್‌ಫೀಲ್ಡ್ ಕಡೆಗೆ. ಗೇಟು ತೆರೆದ ಕೂಡಲೇ ಹೋಗಿ. ಅಂದು ಎಸೆಯಬೇಕಾದ ಪಿಚರ್ ಸಹಿ ಹಾಕುವುದಿಲ್ಲ, ಅವನನ್ನು ಪೀಡಿಸಬೇಡಿ. ನಿನ್ನೆ ಎಸೆದವನಿಗೆ ಇಂದು ಬಿಡುವು. ಮತ್ತೊಂದು ಒಳ್ಳೆಯ ಹೊತ್ತು ಪಂದ್ಯದ ನಡುವೆಯೇ ಬರುತ್ತದೆ: ಸ್ಪ್ರಿಂಗ್ ಮೈದಾನಗಳಲ್ಲಿ ಅನೇಕ ಕಡೆ ಬಟ್ಟೆ ಬದಲಿಸುವ ಕೋಣೆಯ ಬಾಗಿಲು ಔಟ್‌ಫೀಲ್ಡ್ ಮೂಲೆಯಲ್ಲಿರುತ್ತದೆ. ನಾಲ್ಕನೇ ಇನ್ನಿಂಗ್ಸ್‌ಗೆ ಆಟ ಮುಗಿಸಿದ ಆಟಗಾರ ಆ ಗೋಡೆಯ ಪಕ್ಕದಲ್ಲೇ ನಡೆದುಹೋಗುತ್ತಾನೆ, ಅಷ್ಟು ಹೊತ್ತಿಗೆ ಜನರೆಲ್ಲ ಸೀಟಿನಲ್ಲಿ ಕೂತು ತಿನ್ನುತ್ತಿರುತ್ತಾರೆ. ಒಂದು ಸಲಕ್ಕೆ ಒಂದೇ ವಸ್ತು ಕೊಡಿ. ಮುಂದೆ ಮಕ್ಕಳಿದ್ದರೆ ಅವರ ತಲೆಯ ಮೇಲಿಂದ ಕೈ ಚಾಚಬೇಡಿ. ಹಾಗೆ ಮಾಡುವ ದೊಡ್ಡವರನ್ನು ಕಂಡರೆ ಆಟಗಾರರು ಮುಖ ತಿರುಗಿಸುತ್ತಾರೆ, ಅದು ಸರಿಯೇ.

ಹಾರಿಬಂದ ಚೆಂಡು ನಿಮ್ಮದೇ. ಚಿನ್ನಸ್ವಾಮಿಯಲ್ಲಿ ಸಿಕ್ಸರ್ ಚೆಂಡನ್ನು ಹಿಡಿದು ಮುತ್ತಿಟ್ಟು ವಾಪಸು ಎಸೆದು ರೂಢಿಯಾದವರು ಇಲ್ಲೂ ಅಭ್ಯಾಸಬಲದಿಂದ ಎಸೆದುಬಿಡುತ್ತಾರೆ. ಎಸೆಯಬೇಡಿ, ಯಾರೂ ಕೇಳುವುದಿಲ್ಲ. ಇದು ಕ್ರಿಕೆಟ್ ಚೆಂಡಿಗಿಂತ ಕೂದಲೆಳೆ ದೊಡ್ಡದು, ತೂಕದಲ್ಲಿ ಹಗುರ: 142ರಿಂದ 149 ಗ್ರಾಮ್. ಹಾಗೆಂದು ಬರಿಗೈಯಲ್ಲಿ ಹಿಡಿಯಲು ಹೋಗಿ ಬೆರಳು ಮುರಿದುಕೊಳ್ಳಬೇಡಿ, ಅಗ್ಗದ ಗ್ಲವ್ ಒಂದಿರಲಿ. ಸಹಿಯ ಚೆಂಡನ್ನು ಆಮೇಲೆ ಬರಿಗೈಯಲ್ಲಿ ಮತ್ತೆ ಮತ್ತೆ ಮುಟ್ಟಬೇಡಿ. ಕೈಯ ಎಣ್ಣೆ ಪಸೆಯಿಂದಲೇ ಚರ್ಮ ಹಳದಿಯಾಗುವುದು. ಪಾರದರ್ಶಕ ಡಬ್ಬಿಯಲ್ಲಿ, ಬಿಸಿಲು ತಾಗದ ಕಪಾಟಿನಲ್ಲಿಡಿ. ವಾರ್ನಿಷ್, ಲ್ಯಾಕರ್ ಏನನ್ನೂ ಬಳಿಯಬೇಡಿ.

ಗೊಂಬೆಯ ದಿನ

ಇನ್ನು ತವರಿಗೆ. ಬೇಸ್‌ಬಾಲ್ ಮೈದಾನದಲ್ಲಿ ಈ ಹುಚ್ಚು ಹೊಸದಾಗಿ ಶುರುವಾದದ್ದೇ ಜೈಂಟ್ಸ್ ತಂಡದಿಂದ. 1999ರ ಮೇ 9ರಂದು ತಂಡದ ಆಗಿನ ಮೈದಾನ ಕ್ಯಾಂಡಲ್‌ಸ್ಟಿಕ್ ಪಾರ್ಕಿನಲ್ಲಿ, ತಂಡದ ಹಳೆಯ ದಿಗ್ಗಜ ವಿಲ್ಲಿ ಮೇಸ್ ಬಾಬಲ್‌ಹೆಡ್ ಹಂಚಿದರು, ಅಲ್ಲಿಂದ ಎಲ್ಲ ತಂಡಗಳೂ ಹಿಡಿದುಕೊಂಡವು. ಈಗ ಮಿಲ್ವಾಕಿಯಲ್ಲಿ ಬಾಬಲ್‌ಹೆಡ್‌ಗಳಿಗೇ ಒಂದು ಮ್ಯೂಸಿಯಂ ಇದೆ, 2019ರಿಂದ. 1960ರ ದಶಕದ ಗೊಂಬೆಗಳು ಕಾಗದದ ಮುದ್ದೆಯವು, ಮುಟ್ಟಿದರೆ ಚಕ್ಕೆ ಏಳುತ್ತಿದ್ದವು. ಇಂದಿನವು ಪಾಲಿರೆಸಿನ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನಂಥದ್ದು. ಏಳು ಇಂಚು ಎತ್ತರ, ಕತ್ತಿನಲ್ಲಿ ಉಕ್ಕಿನ ಸ್ಪ್ರಿಂಗು, ಬೆರಳು ತಾಗಿಸಿದರೆ ಕೋಲೆ ಬಸವನ ಹಾಗೆ ಎಲ್ಲಕ್ಕೂ ಹೂಂ ಎನ್ನುತ್ತದೆ.

ಹೊರಡುವ ಹಿಂದಿನ ದಿನ ಎರಡು ಕೆಲಸ. ಟಿಕೆಟ್‌ಗಳೆಲ್ಲ ಒಬ್ಬರದೇ ಫೋನಿನಲ್ಲಿದ್ದರೆ ಲೀಗಿನ ಬಾಲ್‌ಪಾರ್ಕ್ ಆ್ಯಪಿನಿಂದ ಒಬ್ಬೊಬ್ಬರಿಗೆ ಕಳಿಸಿಬಿಡಿ. ಗೊಂಬೆ ಕೊಡುವುದು ತಲೆ ಎಣಿಸಿ, ಟಿಕೆಟ್ ಎಣಿಸಿ ಅಲ್ಲ. ನಾಲ್ಕು ಟಿಕೆಟ್ ಸ್ಕ್ಯಾನ್ ಮಾಡಿಸಿ ಒಬ್ಬರೇ ನಿಂತರೆ ಒಂದೇ ಸಿಗುತ್ತದೆ. ಕಚೇರಿಯಿಂದ ತಡವಾಗಿ ಬರುವ ಯಜಮಾನರ ಗೊಂಬೆಯನ್ನು ಎತ್ತಿಡಿ ಎಂದರೆ ಯಾರೂ ಎತ್ತಿಡುವುದಿಲ್ಲ. ಟಿಕೆಟ್ ಬೇಡದ ಕೈಗೂಸಿಗೂ ಗೊಂಬೆ ಇಲ್ಲ. ಎರಡನೆಯದು, ಟಿಕೆಟನ್ನು ಫೋನಿನ ವಾಲೆಟ್ಟಿಗೆ ಸೇರಿಸಿಟ್ಟುಕೊಳ್ಳಿ. ಗೇಟಿನ ಮುಂದೆ ಸಾವಿರಾರು ಫೋನು ಒಂದೇ ಟವರಿಗೆ ಜೋತುಬಿದ್ದಾಗ ಆ್ಯಪು ಸುತ್ತುತ್ತಲೇ ಇರುತ್ತದೆ, ಹಿಂದಿನವರು ಗೊಣಗುತ್ತಾರೆ.

ಚೀಲದ ನಿಯಮ ಮೈದಾನಕ್ಕೊಂದು. ಹೆಚ್ಚಾಗಿ ಕಾಣುವುದು ಎರಡು: 16 ಇಂಚು ಉದ್ದ, 16 ಅಗಲ, 8 ದಪ್ಪದೊಳಗಿನ ಮೆತ್ತನೆ ಚೀಲ, ಇಲ್ಲವೇ ಪಾರದರ್ಶಕ ಚೀಲ ಮಾತ್ರ. ಆ ವರ್ಷದ ನಿಯಮವನ್ನು ನೋಡಿಕೊಂಡೇ ಹೊರಡಿ, ಚೀಲವನ್ನು ಕಾರಿಗೆ ವಾಪಸು ಇಟ್ಟುಬರುವಷ್ಟರಲ್ಲಿ ಗೊಂಬೆ ಮುಗಿದಿರುತ್ತದೆ. ಒರಾಕಲ್ ಪಾರ್ಕಿನಲ್ಲಿ ಮನೆಯ ತಿಂಡಿ ಒಯ್ಯಲು ಬಿಡುತ್ತಾರೆ. ಪುಳಿಯೋಗರೆ, ಚಪಾತಿ ಸುರುಳಿ ಒಯ್ದರೆ ಸಾಲಿನಲ್ಲಿ ನಿಂತೇ ಊಟ ಮುಗಿಯುತ್ತದೆ.

ಸನ್ನಿವೇಲ್, ಮೌಂಟನ್ ವ್ಯೂ ಕಡೆಯವರಿಗೆ ಕ್ಯಾಲ್‌ಟ್ರೇನ್ ವಾಸಿ. ಕೊನೆಯ ನಿಲ್ದಾಣದಲ್ಲಿ ಇಳಿದು ಕಿಂಗ್ ಸ್ಟ್ರೀಟ್‌ನಲ್ಲಿ ಹತ್ತು ನಿಮಿಷದೊಳಗೆ ನಡೆದರೆ ಮೈದಾನ. ವಿಲ್ಲಿ ಮೇಸ್ ಪ್ರತಿಮೆಯ ಮುಂದಿನ ಗೇಟಿಗೆ ಎಲ್ಲರೂ ಮುಗಿಬೀಳುತ್ತಾರೆ, ಫೋಟೋ ತೆಗೆಯುವವರೂ ಅಲ್ಲೇ. ಫೋಟೋ ಆಮೇಲೂ ತೆಗೆಯಬಹುದು. ಸುತ್ತುಹಾಕಿ ಬೇರೆ ಗೇಟುಗಳ ಸಾಲನ್ನು ಒಮ್ಮೆ ನೋಡಿ. ವಾರದ ದಿನವಾದರೆ ಗೇಟು ತೆರೆಯುವ 20 ನಿಮಿಷ ಮುಂಚೆ ಸಾಕು. ಶನಿವಾರ ಭಾನುವಾರ ಕನಿಷ್ಠ ಒಂದು ಗಂಟೆ. ಪಂದ್ಯದ ಸಮಯದಿಂದ ಲೆಕ್ಕ ಹಾಕಬೇಡಿ, ಗೇಟಿನ ಸಮಯದಿಂದ ಹಾಕಿ. ಗೊಂಬೆಯ ದಿನ ಗೇಟನ್ನು ಬೇಗ ತೆರೆಯುವುದೂ ಉಂಟು.

ಕೆಲವೊಮ್ಮೆ ಗೊಂಬೆಗಳೇ ಬಂದಿರುವುದಿಲ್ಲ. ಇವು ಬಹುಪಾಲು ಚೀನಾದಿಂದ ಹಡಗಿನಲ್ಲಿ ಬರುವ ಸಾಮಾನು. 2024ರ ಮಾರ್ಚ್‌ನಲ್ಲಿ ಪಿಟ್ಸ್‌ಬರ್ಗ್ ಪೆಂಗ್ವಿನ್ಸ್ ಎಂಬ ಐಸ್ ಹಾಕಿ ತಂಡದ ಹಳೆಯ ಆಟಗಾರ ಯಾರೋಮಿರ್ ಯಾಗರ್ ಗೊಂಬೆಗಳ ಸರಕು ಕ್ಯಾಲಿಫೋರ್ನಿಯಾದಲ್ಲಿ ಕಳುವಾಗಿ, ಅಭಿಮಾನಿಗಳಿಗೆ ಚೀಟಿ ಕೊಟ್ಟು ಕಳಿಸಬೇಕಾಯಿತು. ಅಂಥ ಚೀಟಿ ಕೊಟ್ಟರೆ ಅದರ ಫೋಟೋ ತೆಗೆದಿಡಿ, ಕೊನೆಯ ದಿನಾಂಕ ನೋಡಿಕೊಳ್ಳಿ.

ಡಬ್ಬಿ ತೆರೆಯುವುದು, ಮುರಿದರೆ ಕೂಡಿಸುವುದು

ಗೊಂಬೆ ಮುರಿಯುವುದು ಹೆಚ್ಚಾಗಿ ಹಡಗಿನಲ್ಲಲ್ಲ, ಡಬ್ಬಿಯಿಂದ ತೆಗೆಯುವಾಗ. ಮೇಲಿನ ಮುಚ್ಚಳ ಬಿಚ್ಚಿದರೆ ಮೊದಲು ಕೈಗೆ ಸಿಗುವುದು ತಲೆ. ಜನ ತಲೆ ಹಿಡಿದು ಎಳೆಯುತ್ತಾರೆ, ಸ್ಪ್ರಿಂಗು ಕತ್ತಿನಿಂದ ಕಿತ್ತು ಬರುತ್ತದೆ. ಸರಿಯಾದ ಕ್ರಮ ಇದು: ಡಬ್ಬಿಯನ್ನು ಮಲಗಿಸಿ, ಒಳಗಿನ ಥರ್ಮಾಕೋಲ್ ಅಚ್ಚನ್ನು ಇಡಿಯಾಗಿ ಹೊರಗೆ ಜಾರಿಸಿ, ಮೇಲಿನ ಅರ್ಧ ಎತ್ತಿ, ಗೊಂಬೆಯ ಪೀಠ ಮತ್ತು ಬೆನ್ನಿಗೆ ಬೆರಳು ಕೊಟ್ಟು ಎತ್ತಿ. ಕತ್ತಿನ ಸುತ್ತ ತೆಳು ಸ್ಪಂಜೋ ಪ್ಲಾಸ್ಟಿಕ್ಕೋ ಇದ್ದರೆ ಬಿಸಾಡಬೇಡಿ, ಮುಂದೆ ಬೇಕಾಗುತ್ತದೆ. ಮೈದಾನದಲ್ಲೇ ಒಮ್ಮೆ ತೆರೆದು ನೋಡಿ. ಒಡೆದಿದ್ದರೆ ಅಭಿಮಾನಿಗಳ ಸಹಾಯದ ಕೌಂಟರಿಗೆ ಕೂಡಲೇ ಹೋಗಿ, ಗೊಂಬೆ ಉಳಿದಿದ್ದರೆ ಬದಲಿಸಿ ಕೊಡುವ ಸಾಧ್ಯತೆ ಇದೆ. ಮನೆಗೆ ಬಂದ ಮೇಲೆ ದೂರಿ ಫಲವಿಲ್ಲ.

ಕಿತ್ತ ಸ್ಪ್ರಿಂಗನ್ನು ಕೂಡಿಸುವುದು ಕಷ್ಟವಲ್ಲ. ಸೂಪರ್ ಗ್ಲೂ ಮಾತ್ರ ಬೇಡ: ಅದರ ಆವಿ ಸುತ್ತಲಿನ ಬಣ್ಣದ ಮೇಲೆ ಬೂದಿ ಎರಚಿದಂತೆ ಬಿಳಿ ಪೊರೆ ಕೂರಿಸುತ್ತದೆ, ಬೆಸುಗೆಯೂ ಗಡುಸಾಗಿ ಅಲ್ಲಾಡಿದಾಗ ಮತ್ತೆ ಬಿಡುತ್ತದೆ. ಎರಡು ಟ್ಯೂಬಿನ ಎಪಾಕ್ಸಿ, ಊರಲ್ಲಾದರೆ ಅರಾಲ್ಡೈಟ್, ಇದಕ್ಕೆ ತಕ್ಕದ್ದು. ಹಳೇ ಅಂಟನ್ನು ದಪ್ಪ ಸೂಜಿಯಿಂದ ಕೆರೆದು ತೆಗೆಯಿರಿ. ಎರಡೂ ಟ್ಯೂಬಿನಿಂದ ಸಮ ಪ್ರಮಾಣ, ಕಡಲೆಕಾಳಿನಷ್ಟು ಹಿಂಡಿ ಕಡ್ಡಿಯಲ್ಲಿ ಚೆನ್ನಾಗಿ ಕಲಸಿ. ತಲೆಯನ್ನು ಬುಡಮೇಲು ಮಾಡಿ ಬಟ್ಟೆಯ ಸಿಂಬಿಯ ಮೇಲೆ ಕೂರಿಸಿ, ಸ್ಪ್ರಿಂಗಿನ ಕೊನೆಯ ಒಂದು ಸುತ್ತು ಮಾತ್ರ ಅಂಟಿನಲ್ಲಿ ಮುಳುಗುವಂತೆ ಇಳಿಸಿ. ಅಂಟು ಎರಡು ಮೂರು ಸುತ್ತಿನವರೆಗೆ ಏರಿದರೆ ತಲೆ ಆಡುವುದಿಲ್ಲ, ಆಮೇಲೆ ಅದು ಬರೀ ಗೊಂಬೆ. ಒಂದಿಡೀ ದಿನ ಮುಟ್ಟಬೇಡಿ. ಮಾರನೆಯ ದಿನ ಮುಂಡದ ಕಡೆಯ ತುದಿಗೂ ಹೀಗೇ. ಎರಡೂ ತುದಿಯನ್ನು ಒಂದೇ ದಿನ ಅಂಟಿಸುವ ಆತುರದಲ್ಲಿ ತಲೆ ಓರೆಯಾಗಿ ಕೂತರೆ ಆಟಗಾರ ಜೀವಮಾನವಿಡೀ ಫಸ್ಟ್ ಬೇಸ್ ಕಡೆಗೇ ನೋಡುತ್ತಿರುತ್ತಾನೆ.

ಗೊಂಬೆಯ ಮೇಲೆ ಸಹಿ ಬೇಕಾದರೆ ಪೀಠದ ಮೇಲೆ ಹಾಕಿಸಿ, ಜೆರ್ಸಿಯ ಉಬ್ಬುತಗ್ಗಿನಲ್ಲಿ ಅಕ್ಷರ ಕೂರುವುದಿಲ್ಲ. ಪೀಠ ಕಪ್ಪಾಗಿದ್ದರೆ ಬೆಳ್ಳಿ ಬಣ್ಣದ ಪೇಂಟ್ ಪೆನ್ನು. ಅದನ್ನು ಚೆನ್ನಾಗಿ ಕುಲುಕಿ, ಕಾಗದದ ಮೇಲೆ ಒತ್ತಿ ಬಣ್ಣ ಇಳಿಸಿಕೊಂಡೇ ಕೊಡಿ; ಇಲ್ಲದಿದ್ದರೆ ಮೊದಲ ಅಕ್ಷರಕ್ಕೇ ದೊಡ್ಡ ಹನಿ ಬೀಳುತ್ತದೆ.

ಕಿಟಕಿಯ ಬಳಿ ಇಟ್ಟ ಗೊಂಬೆಯ ಬಿಳಿ ಜೆರ್ಸಿ ಹಳದಿಗೆ ತಿರುಗುತ್ತದೆ. ಬೇಸಿಗೆಯಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಟ್ಟರೆ ಅಂಟು ಮೆತ್ತಗಾಗಿ ತಲೆ ವಾಲುತ್ತದೆ. ಧೂಳಿಗೆ ಮೇಕಪ್ಪಿನ ಮೆತ್ತನೆ ಬ್ರಷ್ ಸಾಕು, ಗಾಜು ಒರೆಸುವ ಸ್ಪ್ರೇ ಬಣ್ಣ ತಿನ್ನುತ್ತದೆ. ಮಂಗಳೂರು, ಕಾರವಾರದಂಥ ಕಡೆ ಇಡುವವರಿಗೆ ಬೇರೆ ಕಾಟ: ಮಳೆಗಾಲದಲ್ಲಿ ರಟ್ಟಿನ ಡಬ್ಬಿಗೆ ಬೂಷ್ಟು, ಸ್ಪ್ರಿಂಗಿಗೆ ತುಕ್ಕು. ಡಬ್ಬಿಯೊಳಗೆ ಎರಡು ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಜೂನ್‌ನಲ್ಲಿ ಬದಲಾಯಿಸಿ.

ದಸರಾ ಬೊಂಬೆ ಕೂರಿಸುವ ಮನೆಗಳಲ್ಲಿ ಇವಕ್ಕೆ ಜಾಗ ತಾನಾಗಿ ಸಿಗುತ್ತದೆ. ತಂಜಾವೂರಿನ ತಲೆಯಾಡಿಸುವ ಬೊಂಬೆಯ ಪಕ್ಕ ಒಬ್ಬ ಪಿಚರ್ ನಿಂತರೆ ಅಜ್ಜಿಯರೂ ಆಕ್ಷೇಪಿಸುವುದಿಲ್ಲ. ಮಕ್ಕಳಿಗೆ ತಲೆ ತಟ್ಟಲು ಬಿಡುವುದಾದರೆ ಕೆಳಗಿನ ಮೆಟ್ಟಿಲಲ್ಲಿಡಿ, ಬಿದ್ದರೂ ಬ್ಯಾಟು ಮುರಿಯುವಷ್ಟು ಎತ್ತರವಿರುವುದಿಲ್ಲ.

ಊರಿಗೆ ಒಯ್ಯುವಾಗ ಆ ಎತ್ತಿಟ್ಟ ಸ್ಪಂಜಿನ ಚೂರನ್ನು ಮತ್ತೆ ಕತ್ತಿಗೆ ತುರುಕಿ, ತಲೆ ಎಳ್ಳಷ್ಟೂ ಅಲುಗಬಾರದು. ಸ್ಪಂಜು ಕಳೆದಿದ್ದರೆ ಟಿಶ್ಯೂ ಕಾಗದವನ್ನು ಸುರುಳಿ ಸುತ್ತಿ ಅದೇ ಜಾಗಕ್ಕೆ. ಥರ್ಮಾಕೋಲ್ ಅಚ್ಚು, ಡಬ್ಬಿ, ಅದರ ಸುತ್ತ ಒಂದು ಟವೆಲ್ಲು, ಹೀಗೆ ಕೈಚೀಲದಲ್ಲಿ ಒಯ್ಯಿರಿ. ಗೊಂಬೆಗೂ ಚೆಂಡಿಗೂ ವಿಮಾನದೊಳಗೆ ತಡೆಯಿಲ್ಲ. ಬೇಸ್‌ಬಾಲ್ ಬ್ಯಾಟನ್ನು ಮಾತ್ರ ಭದ್ರತಾ ತಪಾಸಣೆಯಲ್ಲಿ ಬಿಡುವುದಿಲ್ಲ. ಗಿವ್‌ಅವೇಯಲ್ಲಿ ಕೊಟ್ಟ ಒಂದೂವರೆ ಅಡಿಯ ಪುಟಾಣಿ ಬ್ಯಾಟಾದರೂ ಅದನ್ನು ಹಿಂದಿನ ರಾತ್ರಿಯೇ ದೊಡ್ಡ ಸೂಟ್‌ಕೇಸಿಗೆ ಹಾಕಿಬಿಡಿ.